ಪೆಟ್ಟಿಗೂ ಒಂದು ತಾಳ

ಕೇಳುಗರಿಗೆ ನಮಸ್ಕಾರ.

ಕುಂಗ್‌ಫು ಸಿನಿಮಾ ಎಂದ ಕೂಡಲೇ ‘ಬರೀ ಹೊಡೆದಾಟ, ಕಥೆಯೇ ಇಲ್ಲ’ ಎಂದು ಮುಖ ತಿರುಗಿಸುವವರು ಬಹಳ. ಬೇರೆ ಊರಿನವರು ಹೇಳಿದರೆ ಹೇಳಲಿ, ಉತ್ತರ ಕನ್ನಡದ ನಾವು ಹಾಗೆ ಹೇಳಬಾರದು. ಯಕ್ಷಗಾನದಲ್ಲಿ ಬೆಳಗಿನ ಜಾವ ಬಭ್ರುವಾಹನ ಅರ್ಜುನನಿಗೆ ಎದುರಾದಾಗ ಗೆಲ್ಲುವವರು ಯಾರೆಂದು ಚಿಕ್ಕ ಮಕ್ಕಳಿಗೂ ಗೊತ್ತು. ಆದರೂ ನಿದ್ದೆಗೆಟ್ಟು ಕೂರುತ್ತೇವೆ. ಭಾಗವತರ ಏರುಪದ್ಯಕ್ಕೆ ಚಂಡೆ ಹೇಗೆ ಬಿತ್ತು, ವೇಷಧಾರಿ ಎಷ್ಟು ಸುತ್ತು ತಿರುಗಿ ಎಲ್ಲಿ ನಿಂತ, ನಮ್ಮ ಕಣ್ಣು ಕಿವಿ ಇರುವುದು ಅದರ ಮೇಲೆ. ಒಳ್ಳೆಯ ಕುಂಗ್‌ಫು ಸಿನಿಮಾವನ್ನು ನೋಡಬೇಕಾದದ್ದೂ ಇದೇ ಕಣ್ಣು ಕಿವಿಗಳಿಂದ.

ಇದಕ್ಕೆ ಕಾರಣವಿದೆ. ಹಾಂಗ್‌ಕಾಂಗ್‌ನ ಹೊಡೆದಾಟದ ಚಿತ್ರಗಳನ್ನು ಬೆಳೆಸಿದವರಲ್ಲಿ ಅನೇಕರು ರಂಗದಿಂದ ಬಂದವರು. ಚೀನಾದ ಸಾಂಪ್ರದಾಯಿಕ ರಂಗಕಲೆಯಾದ ಪೀಕಿಂಗ್ ಒಪೆರಾದಲ್ಲಿ ಹಾಡು, ಮಾತು, ಬಣ್ಣ ಬಳಿದ ಮುಖ, ಲಾಗ, ಕತ್ತಿ ಭರ್ಜಿಗಳ ಕಾಳಗ ಎಲ್ಲವೂ ಉಂಟು. ಜಾಕಿ ಚಾನ್, ಸ್ಯಾಮೊ ಹಂಗ್, ಯುಎನ್ ಬಿಯಾವ್ ಮೂವರೂ ಯು ಜಿಮ್ ಯುಎನ್ ಎಂಬ ಒಬ್ಬನೇ ಗುರುವಿನ ಹತ್ತಿರ ಎಳವೆಯಿಂದ ಈ ವಿದ್ಯೆ ಕಲಿತವರು. 1971ರ ‘ದಿ ಬಿಗ್ ಬಾಸ್’ನಲ್ಲಿ ಬ್ರೂಸ್ ಲೀಗೆ ಖಳನಾಗಿ ಎದುರಾದ ಹಾನ್ ಯಿಂಗ್ ಚೀಯೂ ಅದೇ ರಂಗದವನೇ, ಆ ಚಿತ್ರದ ಹೊಡೆದಾಟಗಳನ್ನು ಹೊಂದಿಸಿದವನೂ ಅವನೇ. ಆ ರಂಗದಲ್ಲಿ ಕಾಳಗದ ಒಂದು ಸುತ್ತು ಮುಗಿಯುತ್ತಿದ್ದಂತೆ ಜಾಗಟೆ ಮದ್ದಳೆಗಳ ಹೊಡೆತಕ್ಕೆ ಸರಿಯಾಗಿ ನಟ ಗಕ್ಕನೆ ನಿಲ್ಲುತ್ತಾನೆ. ಸಿನಿಮಾಕ್ಕೆ ಬಂದಾಗ ಅದೇ ಕ್ರಮ ಜೊತೆಗೆ ಬಂತು: ಮೂರು ಏಟು, ನಾಲ್ಕು ತಡೆ, ಒಂದು ಒದೆ, ಆಮೇಲೆ ಅರೆಕ್ಷಣದ ನಿಲುಗಡೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮುಕ್ತಾಯ ಕೊಟ್ಟ ಹಾಗೆ. ಆ ನಿಲುಗಡೆಯಲ್ಲೇ ಯಾರ ಕೈ ಮೇಲಾಯಿತು, ಯಾರ ಕಾಲು ಸಡಿಲಾಯಿತು ಎಂಬುದು ನೋಡುವವನಿಗೆ ದಕ್ಕುವುದು. ಎಡೆಬಿಡದೆ ಐದು ನಿಮಿಷ ಬಡಿದಾಡಿದರೆ ಕಣ್ಣು ದಣಿಯುತ್ತದೆ, ಅಷ್ಟೇ.

ಈಗ ಪೆಟ್ಟಿನ ಒಳಗುಟ್ಟು. ಮುಖಕ್ಕೆ ಬೀಳುವ ಗುದ್ದು ಸಾಮಾನ್ಯವಾಗಿ ಮುಖಕ್ಕೆ ತಾಗುವುದೇ ಇಲ್ಲ. ಕ್ಯಾಮೆರಾ, ಹೊಡೆಯುವವನ ಮುಷ್ಟಿ, ಎದುರಿನವನ ಮುಖ ಮೂರೂ ಒಂದೇ ಗೆರೆಯಲ್ಲಿದ್ದರೆ ನಡುವಿನ ಗೇಣುದ್ದದ ಅಂತರ ನಮಗೆ ಕಾಣುವುದಿಲ್ಲ. ಕ್ಯಾಮೆರಾ ಸ್ವಲ್ಪ ಪಕ್ಕಕ್ಕೆ ಸರಿದರೂ ಗಾಳಿಗೆ ಗುದ್ದಿದ್ದು ಬಯಲಾಗುತ್ತದೆ. ಅದಕ್ಕಿಂತ ಕಷ್ಟ ಪೆಟ್ಟು ತಿನ್ನುವವನದು. ಅವನ ತಲೆ ಮುಷ್ಟಿಗಿಂತ ಮೊದಲೇ ತಿರುಗಿದರೆ ನಗೆಪಾಟಲು, ತಡವಾದರೆ ಪೆಟ್ಟು ಸಪ್ಪೆ. ಹಾಗಾಗಿ ಒಳ್ಳೆಯ ಹೊಡೆದಾಟದಲ್ಲಿ ಅರ್ಧ ಶ್ರೇಯಸ್ಸು ಬೀಳುವವನಿಗೇ ಸಲ್ಲಬೇಕು. ಪರದೆಯ ಮೇಲೆ ಅವನ ಹೆಸರು ಬಂದರೂ ಓದುವವರಿಲ್ಲ. ಎದೆ ಹೊಟ್ಟೆಗೆ ಬೀಳುವ ಒದೆಗಳ ಕಥೆ ಬೇರೆ. ಹಾಂಗ್‌ಕಾಂಗ್‌ನವರು ಬಟ್ಟೆಯೊಳಗೆ ಮೆತ್ತೆ ಕಟ್ಟಿ ಅವನ್ನು ನಿಜಕ್ಕೂ ತಾಗಿಸುವುದುಂಟು. ಅಂಗಿಗೆ ಪುಡಿ ಹಚ್ಚಿರುತ್ತಾರೆ. ಒದೆ ಬಿದ್ದಾಗ ಅದು ಹೊಗೆಯಂತೆ ಏಳುತ್ತದೆ, ಪೆಟ್ಟು ಎಲ್ಲಿ ಬಿತ್ತೆಂದು ಕೊನೆಯ ಸಾಲಿನಲ್ಲಿ ಕೂತವನಿಗೂ ಕಾಣುತ್ತದೆ.

ವೇಗಕ್ಕೂ ಒಂದು ಯುಕ್ತಿಯಿದೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರಗಳಂತೆ. ಚಿತ್ರೀಕರಣದಲ್ಲಿ 22 ಮಾತ್ರ ಸೆರೆಹಿಡಿದು 24ರ ವೇಗದಲ್ಲಿ ಓಡಿಸಿದರೆ ಚಲನೆ ಶೇಕಡಾ 9ರಷ್ಟು ಚುರುಕಾಗುತ್ತದೆ, ನೋಡುವವನಿಗೆ ಮೋಸ ತಿಳಿಯುವುದಿಲ್ಲ. 20ಕ್ಕೆ ಇಳಿಸಿದರೆ ಶೇಕಡಾ 20. ಅದಕ್ಕೂ ಕೆಳಗೆ 18ಕ್ಕೆ ಹೋದರೆ ಬಟ್ಟೆಯ ಅಂಚು ಪಟಪಟ ಹಾರುತ್ತದೆ, ನಡಿಗೆ ಕೀಲುಗೊಂಬೆಯದಾಗುತ್ತದೆ. ಹಳೆಯ ಅಗ್ಗದ ಚಿತ್ರಗಳಲ್ಲಿ ಇದು ಧಾರಾಳ. ಅನುಮಾನ ಬಂದರೆ ಮುಷ್ಟಿ ಬಿಟ್ಟು ಹಿನ್ನೆಲೆಯಲ್ಲಿ ಅಲ್ಲಾಡುವ ಮರದೆಲೆ ನೋಡಿ, ಗುಟ್ಟು ಅಲ್ಲಿ ರಟ್ಟಾಗುತ್ತದೆ.

ಇಷ್ಟು ತಿಳಿದುಕೊಂಡು ನೋಡಲು ಕೂತರೆ ನನ್ನ ಮೊದಲ ಆಯ್ಕೆ 1978ರ ‘ದಿ 36ತ್ ಚೇಂಬರ್ ಆಫ್ ಶಾವೊಲಿನ್’. ನಿರ್ದೇಶಕ ಲಾವ್ ಕಾರ್ ಲಿಯುಂಗ್, ನಾಯಕ ಗೋರ್ಡನ್ ಲಿಯು. ಚಿತ್ರದ ನಡುಭಾಗವೆಲ್ಲ ಶಾವೊಲಿನ್ ಮಠದ ಕೋಣೆಗಳಲ್ಲಿ ಬರೀ ಕಲಿಕೆ. ಹೇಳಿದರೆ ಬೇಸರದ ವಿಷಯ ಅನ್ನಿಸುತ್ತದೆ, ನೋಡಿದರೆ ಎದ್ದು ಹೋಗಲು ಮನಸ್ಸಾಗುವುದಿಲ್ಲ. ನಾಯಕ ಅವಸರದಲ್ಲಿ ಎಲ್ಲಕ್ಕಿಂತ ಮೇಲಿನ ಕೋಣೆಗೇ ನುಗ್ಗುತ್ತಾನೆ, ಅಲ್ಲಿ ಏನೂ ತಲೆಗೆ ಹತ್ತದೆ ಕೆಳಗಿನಿಂದ ಶುರುಮಾಡುತ್ತಾನೆ. ಊಟದ ಮನೆಗೆ ಹೋಗಲು ನೀರಲ್ಲಿ ತೇಲುವ ಮರದ ತುಂಡುಗಳ ಮೇಲೆ ಕಾಲಿಟ್ಟು ದಾಟಬೇಕು. ಚಾಚಿದ ಎರಡೂ ಕೈಯಲ್ಲಿ ನೀರಿನ ಬಕೆಟ್ ಹೊರಬೇಕು. ತೋಳಿನ ಕೆಳಗೆ ಚೂರಿ ಕಟ್ಟಿದ್ದಾರೆ, ಕೈ ಇಳಿದರೆ ಪಕ್ಕೆಗೆ ಚುಚ್ಚುತ್ತದೆ. ಉದ್ದ ಹಿಡಿಯ ಭಾರದ ಕೋಲಿನಿಂದ ಗಂಟೆ ಬಾರಿಸಿ ಮಣಿಕಟ್ಟು ಗಟ್ಟಿ ಮಾಡಬೇಕು. ತಲೆ ಅಲ್ಲಾಡಿಸದೆ ಕಣ್ಣಲ್ಲೇ ದೀಪ ಹಿಂಬಾಲಿಸಬೇಕು. ಒಂದೊಂದು ಕೋಣೆಗೆ ಒಂದೊಂದು ಅಂಗ. ಮುಂದೆ ಅವನು ಶತ್ರುವಿನ ಎದುರು ಮಣಿಕಟ್ಟು ತಿರುಗಿಸಿದಾಗ ಆ ತಿರುವು ಯಾವ ಕೋಣೆಯದು ಎಂದು ನಮಗೆ ಗೊತ್ತಿರುತ್ತದೆ. ಬೇರೆ ಚಿತ್ರಗಳಲ್ಲಿ ನಾಯಕನ ಬಲವನ್ನು ನಂಬಬೇಕು, ಇಲ್ಲಿ ಅದು ಹುಟ್ಟಿದ್ದನ್ನೇ ಕಂಡಿದ್ದೇವೆ. ಮೂರು ತುಂಡುಗಳ ಸರಪಳಿ ದಂಡ ಅವನ ಕೈಗೆ ಹೇಗೆ ಬಂತೆಂಬುದನ್ನು ಹೇಳಿಬಿಟ್ಟರೆ ರುಚಿ ಕೆಡುತ್ತದೆ, ಬಿಡಿ.

ಈ ನಿರ್ದೇಶಕನ ಗುರುಪರಂಪರೆಯೂ ಕೇಳುವಂಥದ್ದು. ಅವನ ತಂದೆ ಲಾಮ್ ಸಾಯ್ ವಿಂಗ್‌ನ ಶಿಷ್ಯ, ಲಾಮ್ ಸಾಯ್ ವಿಂಗ್ ದಕ್ಷಿಣ ಚೀನಾದ ಹೆಸರಾಂತ ವೈದ್ಯ, ಕುಂಗ್‌ಫು ಗುರು ವಾಂಗ್ ಫೈ ಹಂಗ್‌ನ ಶಿಷ್ಯ. ಆ ವಾಂಗ್ ಫೈ ಹಂಗ್‌ನನ್ನು ಹಳೆಯ ಚಿತ್ರಗಳು ಗಂಭೀರ ಹಿರಿಯನಾಗಿ ತೋರಿಸುತ್ತಿದ್ದವು. 1978ರಲ್ಲೇ ಬಂದ ‘ಡ್ರಂಕನ್ ಮಾಸ್ಟರ್’ ಅವನನ್ನು ಮೈಗಳ್ಳ ಪೋರನನ್ನಾಗಿ ಮಾಡಿತು. ಪೋರ ಜಾಕಿ ಚಾನ್, ನಿರ್ದೇಶಕ ಯುಎನ್ ವೂ ಪಿಂಗ್. ಕುಡುಕ ಗುರುವಿನ ಪಾತ್ರದಲ್ಲಿ ನಿರ್ದೇಶಕನ ಅಪ್ಪನೇ. ಗುರು ಚೀನೀ ಪುರಾಣದ ಎಂಟು ಅಮರರ ಹೆಸರಿನ ಎಂಟು ವರಸೆ ಕಲಿಸುತ್ತಾನೆ. ಎಂಟನೆಯದು ಹೆಣ್ಣಿನದು, ಅದು ತನಗೇಕೆ ಎಂದು ಹುಡುಗ ಅಸಡ್ಡೆ ಮಾಡುತ್ತಾನೆ. ಕೊನೆಯ ಕಾಳಗದಲ್ಲಿ ಏಳೂ ಮುಗಿದು ಅದೊಂದೇ ಉಳಿದಾಗ ಏನು ಮಾಡುತ್ತಾನೆ ಎಂಬುದೇ ಚಿತ್ರದ ಸೊಗಸು. ಕುಡುಕನ ಹಾಗೆ ತೂಗಾಡುತ್ತಲೇ ಸಮತೋಲ ಹಿಡಿಯುವುದು ನೆಟ್ಟಗೆ ನಿಂತು ಗುದ್ದುವುದಕ್ಕಿಂತ ಎಷ್ಟೋ ಕಷ್ಟ. ಅವನ ಸೊಂಟ ಮತ್ತು ಹಿಮ್ಮಡಿ ನೋಡಿ, ತಿಳಿಯುತ್ತದೆ.

1985ರ ‘ಪೊಲೀಸ್ ಸ್ಟೋರಿ’ ಬೇರೆ ಜಾತಿಯದು. ನಮ್ಮ ಥ್ರಿಲ್ಲರ್ ಮಂಜು 1996ರಲ್ಲಿ ತೆಗೆದ ಕನ್ನಡದ ‘ಪೊಲೀಸ್ ಸ್ಟೋರಿ’ ಅಲ್ಲ, ಜಾಕಿ ಚಾನ್‌ದು. ಕೊನೆಯ ಕಾಳಗ ಅಂಗಡಿ ಸಂಕೀರ್ಣದೊಳಗೆ, ಗಾಜಿನ ಕಪಾಟುಗಳ ನಡುವೆ. ಸಾಹಸ ತಂಡದವರೇ ಇದಕ್ಕೆ ‘ಗ್ಲಾಸ್ ಸ್ಟೋರಿ’ ಎಂದು ಹೆಸರಿಟ್ಟಿದ್ದರು. ವಿದ್ಯುದ್ದೀಪಗಳನ್ನು ಸುತ್ತಿದ ಕಂಬ ಹಿಡಿದು ಮೇಲಂತಸ್ತಿನಿಂದ ಜಾಕಿ ಜಾರಿದಾಗ ಅಂಗೈ ನಿಜವಾಗಿಯೇ ಸುಟ್ಟಿತು. ಆ ಜಾರಿಕೆಯನ್ನು ಬೇರೆ ಬೇರೆ ಕೋನದಿಂದ ಮತ್ತೆ ಮತ್ತೆ ತೋರಿಸುತ್ತಾರೆ. ಕಥೆಯ ಓಟಕ್ಕೆ ಅದು ಅಡ್ಡಿ, ಆದರೂ ಸರಿಯೇ: ಒಮ್ಮೆ ಮಾತ್ರ ತೋರಿಸಿದ್ದರೆ ನಂಬುವವರು ಯಾರು?

ಬ್ರೂಸ್ ಲೀ ಬಗ್ಗೆ ಹೇಳದೆ ಬಿಟ್ಟರೆ ಕೇಳುಗರು ಕ್ಷಮಿಸಲಾರರು. ಎಲ್ಲರೂ ಹೆಸರಿಸುವುದು 1973ರ ‘ಎಂಟರ್ ದಿ ಡ್ರ್ಯಾಗನ್’. ಕಾಳಗದ ಮಟ್ಟಿಗೆ ಅದಕ್ಕಿಂತ ಹಿಂದಿನ ವರ್ಷ ಅವನೇ ನಿರ್ದೇಶಿಸಿದ ‘ದಿ ವೇ ಆಫ್ ದಿ ಡ್ರ್ಯಾಗನ್’ ಮೇಲು. ರೋಮ್‌ನ ಕೊಲೋಸಿಯಮ್‌ನಲ್ಲಿ ಚಕ್ ನಾರಿಸ್ ಎದುರಾಳಿ. ಇಬ್ಬರೂ ಮೊದಲು ಮೈ ಸಡಿಲಿಸಿ ಬೆರಳು ಲಟಿಕೆ ಮುರಿಯುತ್ತಾರೆ. ಹಳಿಯಾಳದ ಕುಸ್ತಿ ಅಖಾಡ ನೋಡಿದವರಿಗೆ ಆ ಹೊತ್ತಿನ ಬಿಗುವು ಗೊತ್ತು. ಮೊದಲ ಸುತ್ತಿನಲ್ಲಿ ಲೀ ಏಟು ತಿನ್ನುತ್ತಾನೆ. ಆಮೇಲೆ ಹೆಜ್ಜೆಯ ಲಯ ಬದಲಿಸುತ್ತಾನೆ, ನೆಲದಲ್ಲಿ ಕಾಲು ನಿಲ್ಲುವುದಿಲ್ಲ. ಅಲ್ಲಿಂದ ಆಟ ತಿರುಗುತ್ತದೆ.

ಚಂಡೆಯ ಕಿವಿ ಇರುವವರು 2000ದ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ ಬಿಡಬಾರದು. ರಾತ್ರಿ ಹೆಂಚಿನ ಮಾಡುಗಳ ಮೇಲೆ ಇಬ್ಬರು ಹೆಂಗಸರ ಬೆನ್ನಟ್ಟುವಿಕೆ, ಹಿನ್ನೆಲೆಗೆ ಬರೀ ಚರ್ಮವಾದ್ಯ. ಬಿದಿರು ಮೆಳೆಯ ನೆತ್ತಿಯ ಮೇಲಿನ ಕಾಳಗ ಹೆಚ್ಚು ಪ್ರಸಿದ್ಧ. ನಟರನ್ನು ತಂತಿಯಲ್ಲಿ ತೂಗಿ, ಆ ತಂತಿಯನ್ನು ಕಂಪ್ಯೂಟರಿನಲ್ಲಿ ಅಳಿಸಿದ್ದಾರೆ. ತಂತಿಯ ಕೆಲಸ ಕೆಟ್ಟರೆ ಸೊಂಟ ಮೊದಲು ಮೇಲೇಳುತ್ತದೆ, ಕೈಕಾಲು ಜೋತು ಹಿಂದೆ ಬರುತ್ತವೆ. ಇಲ್ಲಿ ಪಾದ ಕೊಂಬೆಯನ್ನು ಒತ್ತುತ್ತದೆ, ಬಿದಿರು ಬಾಗುತ್ತದೆ, ಆಮೇಲೆ ದೇಹ ಹಾರುತ್ತದೆ. ಶಿರಸಿ ಸಿದ್ದಾಪುರದ ಕಡೆ ಬಿದಿರು ಬಾಗುವುದನ್ನು ಕಂಡವರಿಗೆ ಈ ಅನುಕ್ರಮ ಎಷ್ಟು ಸರಿ ಎಂದು ಗೊತ್ತಾಗುತ್ತದೆ. ಅಂಗಳದಲ್ಲಿ ಮಿಶೆಲ್ ಯೋ ಒಂದಾದ ಮೇಲೊಂದು ಆಯುಧ ಎತ್ತಿಕೊಂಡು ಹೋರಾಡುವ ದೃಶ್ಯ ನನ್ನ ಲೆಕ್ಕದಲ್ಲಿ ಬಿದಿರಿಗಿಂತ ಒಂದು ಕೈ ಹೆಚ್ಚು. ಅಲ್ಲಿ ಒಂದು ಆಯುಧ ಅವಳಿಗೇ ಎತ್ತಲಾರದಷ್ಟು ಭಾರ!

ಹೊಸಬರಲ್ಲಿ ಥಾಯ್ಲೆಂಡಿನ ಟೋನಿ ಜಾ ತಂತಿಯ ಹಂಗಿಲ್ಲದೆ ಮೊಣಕೈ ಮೊಣಕಾಲುಗಳಲ್ಲೇ ಗೆದ್ದ 2003ರ ‘ಓಂಗ್ ಬಾಕ್’, ಇಂಡೋನೇಷ್ಯಾದ ಸಿಲಾತ್ ವಿದ್ಯೆಯ 2011ರ ‘ದಿ ರೇಡ್’ ಎರಡೂ ಗಟ್ಟಿ. ಉಳಿದ ಬಹುಪಾಲು ಚಿತ್ರಗಳ ರೋಗ ಒಂದೇ. ನಟನಿಗೆ ವಿದ್ಯೆ ಬಾರದು, ಆದ್ದರಿಂದ ಕ್ಯಾಮೆರಾ ಅಲ್ಲಾಡಿಸಿ ಸೆಕೆಂಡಿಗೊಮ್ಮೆ ಕತ್ತರಿಸುತ್ತಾರೆ. ಪರೀಕ್ಷೆ ಸುಲಭ. ಟಿವಿಯ ದನಿ ಪೂರ್ತಿ ಇಳಿಸಿ ಒಂದು ಕಾಳಗ ನೋಡಿ. ಕತ್ತರಿಸದ ಒಂದೇ ತುಣುಕಿನಲ್ಲಿ ಮೂರಕ್ಕಿಂತ ಹೆಚ್ಚು ವರಸೆ ಬಂದವೇ, ಇಬ್ಬರ ಪಾದವೂ ಕಂಡಿತೇ, ಯಾರು ಯಾವ ಬದಿಯಲ್ಲಿದ್ದಾರೆಂದು ಕೊನೆಯವರೆಗೂ ತಿಳಿಯಿತೇ? ಮೂರಕ್ಕೂ ಹೌದಾದರೆ ದನಿ ಏರಿಸಿ ಮೊದಲಿನಿಂದ ನೋಡಬಹುದು. ಇಲ್ಲದಿದ್ದರೆ ಕೇಳುತ್ತಿದ್ದ ಢಿಶುಂ ಢಿಶುಂ ಅಷ್ಟೂ ಶಬ್ದ ಹಾಕುವವನ ದುಡಿಮೆ.

ಮಕ್ಕಳನ್ನು ಕೂರಿಸಿಕೊಂಡು ನೋಡುವವರು ‘ದಿ ರೇಡ್’ ಕಡೆ ಹೋಗಬೇಡಿ, ಅದರಲ್ಲಿ ರಕ್ತ ವಿಪರೀತ. ಅವರಿಗೆ 36 ಕೋಣೆಗಳ ಚಿತ್ರವೇ ಸರಿ. ಮರುದಿನ ಬೆಳಿಗ್ಗೆ ಬಚ್ಚಲ ಬಕೆಟ್‌ಗಳು ಅಂಗಳಕ್ಕೆ ಬಂದಿದ್ದರೆ ಅರ್ಧಕ್ಕಿಂತ ಹೆಚ್ಚು ನೀರು ತುಂಬಲು ಬಿಡಬೇಡಿ, ಚೂರಿಯನ್ನಂತೂ ಒಳಗಿಟ್ಟುಬಿಡಿ. ನಮಸ್ಕಾರ.