ಹೊಟ್ಟೆನೋವಿಗೆ ಪಹಣಿ ಎಲ್ಲಿಂದ ತರುವುದು?

(ಸಹಕಾರ ಸಪ್ತಾಹದಲ್ಲಿ ಕುಷ್ಟಗಿ ತಾಲ್ಲೂಕಿನ ಮಹಿಳಾ ಸಂಘಗಳ ಸಭೆಯಲ್ಲಿ ಮಾಡಿದ ಉಪನ್ಯಾಸ)

ವೇದಿಕೆ ಮೇಲಿರುವ ಹಿರಿಯರೆ, ಸಂಘಗಳ ಅಕ್ಕ-ತಂಗಿಯರೆ, ಬಾಗಿಲ ಹತ್ತಿರ ನಿಂತಿರುವ ತಮ್ಮಂದಿರೆ, ಎಲ್ಲರಿಗೂ ಶರಣು.

ಹತ್ತಿ ಬಿಡಿಸುವ ಹೊತ್ತಿನಲ್ಲಿ ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ರಾತ್ರಿ ಹತ್ತು ಗಂಟೆಗೆ ಮನೆಯಲ್ಲಿ ಒಬ್ಬರಿಗೆ ಹೊಟ್ಟೆನೋವು ಶುರುವಾಯಿತು ಅಂತಿಟ್ಟುಕೊಳ್ಳಿ. ತಾಲ್ಲೂಕು ಆಸ್ಪತ್ರೆಯವರು ಕೊಪ್ಪಳಕ್ಕೆ ಕರೆದುಕೊಂಡು ಹೋಗಿ ಅಂದರು. ಗಾಡಿ, ಔಷಧಿ, ಊಟ, ಎಲ್ಲಾ ಸೇರಿ ಕೈಯಲ್ಲಿ 5,000 ರೂಪಾಯಿ ಬೇಕು. ಈ ದುಡ್ಡು ನಿಮ್ಮ ಊರಲ್ಲಿ ಆ ಹೊತ್ತಿಗೆ ಯಾರ ಹತ್ತಿರ ಸಿಗುತ್ತದೆ? ಬ್ಯಾಂಕು ಮುಚ್ಚಿದೆ. ಸಹಕಾರ ಸಂಘಕ್ಕೆ ಬೀಗ. ನಿಮ್ಮ ಮಹಿಳಾ ಸಂಘದ ಸಭೆ ಇರುವುದು ಬರುವ ಮಂಗಳವಾರ. ಫೋನ್ ಎತ್ತುವವನು ಒಬ್ಬನೇ, ಮೀಟರ್ ಬಡ್ಡಿಯವನು. ಎತ್ತುವುದಷ್ಟೇ ಅಲ್ಲ, ಬೈಕಿನ ಮೇಲೆ ಮನೆ ಬಾಗಿಲಿಗೇ ಬರುತ್ತಾನೆ.

ನಾನು ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತನಾದವನು. ನಮ್ಮಲ್ಲಿಗೆ ಸಾಲ ಕೇಳಿಕೊಂಡು ಬಂದವರಿಗೆ ನಾವು ಕೇಳುವ ಮೊದಲ ಮಾತು, "ಪಹಣಿ ತಂದೀರೇನ್ರಿ?" ಪಹಣಿ ಇದ್ದರೆ ಬೆಳೆ ಸಾಲ ಉಂಟು, ಅದೂ ಶೂನ್ಯ ಬಡ್ಡಿಗೆ. 2023ರಲ್ಲಿ ರಾಜ್ಯ ಸರ್ಕಾರ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಬಹಳ ಒಳ್ಳೆಯ ಕೆಲಸ. ಆದರೆ ಪಹಣಿ ಯಾರ ಹೆಸರಲ್ಲಿದೆ? ಇಲ್ಲಿ ಕುಳಿತವರಲ್ಲಿ ಸ್ವಂತ ಹೆಸರಲ್ಲಿ ಪಹಣಿ ಇರುವವರು ಕೈ ಎತ್ತಿ. ನೋಡಿ, ಇಷ್ಟೇ ಕೈಗಳು. ಉಳಿದವರದು ಗಂಡನ ಹೆಸರಲ್ಲಿ, ಮಾವನ ಹೆಸರಲ್ಲಿ, ಇಲ್ಲವೇ ಎಂದೋ ತೀರಿಹೋದ ಅಜ್ಜನ ಹೆಸರಲ್ಲಿ. ಕೂಲಿ ಮಾಡುವವರಿಗೆ ಅದೂ ಇಲ್ಲ. ಹೊಟ್ಟೆನೋವಿಗೆ, ಹೆರಿಗೆಗೆ, ಮಗಳ ಕಾಲೇಜು ಫೀಸಿಗೆ ಪಹಣಿ ಎಲ್ಲಿಂದ ತರುವುದು?

ಹೀಗಾಗಿ ಏನಾಗುತ್ತದೆ ಅಂತ ನಿಮಗೆ ಗೊತ್ತು. ಬೆಳೆ ಸಾಲ ತಂದು ಮದುವೆ ಮಾಡುತ್ತೇವೆ. ಬಿತ್ತುವಾಗ ಬೀಜ-ಗೊಬ್ಬರಕ್ಕೆ ಬೋರಮಾಳ ಸರ ಅಡವಿಡುತ್ತೇವೆ, ಇಲ್ಲವೇ ದಲಾಲಿ ಅಂಗಡಿಯಲ್ಲಿ ಮುಂಗಡ ತರುತ್ತೇವೆ. ಮುಂಗಡ ತಂದ ಮೇಲೆ ಮಾಲು ಅದೇ ಅಂಗಡಿಗೆ, ಅವರು ಹೇಳಿದ ರೇಟಿಗೆ. ಮನೆ ಮಂದಿಯ ಸಣ್ಣ ಖರ್ಚಿಗೆ ಊರಲ್ಲೇ ಸಾಲ ಸಿಗಬೇಕು, ಅದನ್ನು ಊರಿನ ಸಂಘವೇ ಕೊಡಬೇಕು. ಇವತ್ತು ನಾನು ಹೇಳಲು ಬಂದದ್ದು ಇದೇ.

ಇದು ಹೊಸ ಮಾತೇನಲ್ಲ. ಪಕ್ಕದ ಗದಗ ಜಿಲ್ಲೆಯಲ್ಲಿ ಕಣಗಿನಹಾಳ ಅನ್ನುವ ಊರಿದೆ. 1904ರಲ್ಲಿ ಬ್ರಿಟಿಷ್ ಸರ್ಕಾರ ಪತ್ತಿನ ಸಹಕಾರ ಸಂಘಗಳ ಕಾಯ್ದೆ ತಂದಿತು. ಮರುವರ್ಷವೇ, 1905ರಲ್ಲಿ, ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಆ ಕಾಯ್ದೆಯಡಿ ದೇಶದಲ್ಲೇ ಮೊದಲ ಕೃಷಿ ಪತ್ತಿನ ಸಂಘ ಅಂತ ಅದಕ್ಕೆ ಹೆಸರು. ಆಗ ಆ ಕಡೆ ಮುಂಬೈ ಪ್ರಾಂತ್ಯ. ಈ ಕಡೆ ನಾವು ನಿಜಾಮರ ಸೀಮೆ, ಕೊಪ್ಪಳ ಸಾಲಾರ್ ಜಂಗರ ಜಹಗೀರು. ಬಳ್ಳಾರಿ ಮದ್ರಾಸಿನವರ ಕೈಯಲ್ಲಿ. ಆಡಳಿತ ಮೂರು ಥರ ಇದ್ದರೂ ಸಾಹುಕಾರನ ಖಾತೆ ಪುಸ್ತಕ ಮಾತ್ರ ಎಲ್ಲಾ ಕಡೆ ಒಂದೇ ಥರ. ಅದೇ ಮದ್ರಾಸ್ ಸರ್ಕಾರ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಗೆ ಯುರೋಪಿನ ಹಳ್ಳಿ ಬ್ಯಾಂಕುಗಳನ್ನು ನೋಡಿ ಬಾ ಅಂತ ಹೇಳಿತ್ತು. ಜರ್ಮನಿಯಲ್ಲಿ ರೈಫೈಸನ್ ಎಂಬುವರು ಕಟ್ಟಿದ್ದ ಸಂಘಗಳು ನಿಕಲ್ಸನ್ ಅವರ ಮನಸ್ಸಿಗೆ ಬಂದವು. 1895ರಲ್ಲಿ ವರದಿ ಕೊಟ್ಟರು. ರೈಫೈಸನ್ ಸಂಘದ ಕಟ್ಟಳೆ ಸರಳ. ಸೀಮೆ ಸಣ್ಣದಿರಬೇಕು, ಸದಸ್ಯರಿಗೆ ಒಬ್ಬರಿಗೊಬ್ಬರ ಗುರುತು ಇರಬೇಕು. ಯಾರು ದುಡಿಯುತ್ತಾರೆ, ಯಾರು ಕುಡಿಯುತ್ತಾರೆ ಅನ್ನುವುದು ಓಣಿಗೆ ಗೊತ್ತಿರುತ್ತದಲ್ಲ, ಅದೇ ಜಾಮೀನು. ನಡುವೆ ನಾವು ಆ ಗುರುತು ಬಿಟ್ಟು ಪಹಣಿ ಹಿಡಿದುಕೊಂಡೆವು.

ಇನ್ನು ನನಗೆ ಬಹಳ ಇಷ್ಟದ ಒಂದು ಸಂಗತಿ. ಕೆಲವರು ಕೇಳಿರಬಹುದು, ಆದರೂ ಹೇಳುತ್ತೇನೆ. ಈ ತಾಲ್ಲೂಕಿನದೇ ಒಂದು ಊರು. ಒಬ್ಬ ಅಜ್ಜಿ, ಓದು-ಬರಹ ಇಲ್ಲ. ಒಂದು ಫೈನಾನ್ಸ್ ಕಂಪನಿಯಿಂದ ಸೊಸೆಯ ಹೆಸರಲ್ಲಿ ವಾರದ ಸಾಲ ತೆಗೆದಿದ್ದರು. ಸೊಸೆ-ಮಗ ಇಬ್ಬರೂ ಬೆಂಗಳೂರಿಗೆ ಗುಳೆ ಹೋಗಿದ್ದರು. ದುಡ್ಡು ಅಲ್ಲಿಂದ ಬರುತ್ತಿತ್ತು, ಕಂತು ಕಟ್ಟುವವರು ಅಜ್ಜಿ. ಅಡುಗೆಮನೆ ಗೋಡೆಯ ಮೇಲೆ, ಗೂಡಿನ ಪಕ್ಕದಲ್ಲಿ, ಕಟ್ಟಿದ ಕಂತಿಗೆ ಒಂದೊಂದು ಸುಣ್ಣದ ಗೆರೆ. ಹಬ್ಬದ ವಾರವಿದ್ದರೆ ಗೆರೆಯ ತಲೆ ಮೇಲೆ ಒಂದು ಅರಿಶಿನದ ಚುಕ್ಕೆ.

ಒಂದು ದಿನ ಮೊಮ್ಮಗಳು ಶಾಲೆಯಿಂದ ಬಂದು ಕಂಪನಿಯ ಕಾರ್ಡು ಓದಿದಳು. ಅದರಲ್ಲಿ 31 ಕಂತು. ಗೋಡೆಯ ಮೇಲೆ 33. ಮುಂದಿನ ವಾರ ವಸೂಲಿಯ ಹುಡುಗ ಬಂದಾಗ ಅಜ್ಜಿ ದುಡ್ಡು ಸೆರಗಿನಲ್ಲಿ ಕಟ್ಟಿಕೊಂಡು ಕುಳಿತರು. "ಎರಡು ವಾರ ಎಲ್ಲಿ ಹೋದುವು ಹೇಳು, ಆಮ್ಯಾಲ ರೊಕ್ಕ." ಹುಡುಗ ಹೇಳಿದ, "ಯಮ್ಮಾ, ಗ್ವಾಡಿ ಮ್ಯಾಲ ಯಾರು ಬೇಕಾದರೂ ಗೆರಿ ಎಳೀತಾರ." ಅಜ್ಜಿ ಥಟ್ಟನೆ, "ಪುಸ್ತಕದಾಗೂ ಯಾರು ಬೇಕಾದರೂ ಬರೀತಾರಲ್ಲೋ ಯಪ್ಪಾ!" ಓಣಿಯೆಲ್ಲಾ ಸೇರಿತು. ಪಕ್ಕದ ಮನೆಯವರು ಕರೆದರೆಂದು ನಾನೂ ಹೋಗಿದ್ದೆ. ಎರಡು ದಿನ ಬಿಟ್ಟು ಕಂಪನಿಯ ಮ್ಯಾನೇಜರ್ ಬಂದರು. ಬಗ್ಗಿ ನಿಂತು ಗೆರೆ ಎಣಿಸಿದರು. 33. ಮತ್ತೆ ಎಣಿಸಿದರು. 33. ಅರಿಶಿನದ ಚುಕ್ಕೆ ಯಾಕೆ ಅಂತ ಕೇಳಿದರು. ಅಜ್ಜಿ ಹೇಳಿದ್ದು ಇದು: "ಅದು ಪಂಚಮಿ ವಾರ. ಆ ವಾರಾನೂ ಅದರ ಮುಂದಿನ ವಾರಾನೂ ಬಂದಾಂವ ಈ ಹುಡುಗ ಅಲ್ಲ, ಬ್ಯಾರೆ ಹುಡುಗ. ಬಿಸಿಲಾಗ ಬಂದಿದ್ದ, ಪಾಪ, ಎರಡು ಶೇಂಗಾ ಉಂಡಿ ಕೊಟ್ಟೀನಿ. ಅವನ್ನ ಕೇಳು." ಮ್ಯಾನೇಜರ್ ಅಲ್ಲಿಂದಲೇ ಆ ಹುಡುಗನಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿ ಅಂತ ಜನ ಕೂಗಿದರು. ಹುಡುಗನಿಗೆ ಅಜ್ಜಿಯ ಹೆಸರು ನೆನಪಿಲ್ಲ, ಮೊತ್ತ ನೆನಪಿಲ್ಲ. ಉಂಡಿ ನೆನಪಿತ್ತು! ಎರಡು ಕಂತೂ ಕಾರ್ಡಿಗೆ ಏರಿದವು.

ನಗುತ್ತಿದ್ದೀರಿ, ನಗಬೇಕಾದ್ದೇ. ಆದರೆ ಆ ಅಜ್ಜಿಗೆ ಕಂಪನಿಯ ಪುಸ್ತಕ ತೋರಿಸು ಅನ್ನುವ ದಾರಿ ಇರಲಿಲ್ಲ, ಅದಕ್ಕೆ ಗೋಡೆಯನ್ನೇ ಪುಸ್ತಕ ಮಾಡಿಕೊಂಡರು. ನಿಮ್ಮ ಸಂಘದಲ್ಲಿ ಹಾಗಿಲ್ಲ. ಠರಾವು ಪುಸ್ತಕ, ಉಳಿತಾಯದ ಪುಸ್ತಕ, ಸಾಲದ ಪುಸ್ತಕ, ಮೂರೂ ನಿಮ್ಮವು. ಜಮಖಾನೆ ಮೇಲೆ ಬಿಚ್ಚಿಡಿಸಿ, ಗಟ್ಟಿಯಾಗಿ ಓದಿಸಿ ಕೇಳುವ ಹಕ್ಕು ಪ್ರತಿ ಸದಸ್ಯೆಗೂ ಇದೆ.

ಈಗ ಲೆಕ್ಕಕ್ಕೆ ಬರೋಣ. ಮೀಟರ್ ಬಡ್ಡಿಯವನು ಏನಂತಾನೆ? "ನೂರಕ್ಕೆ ಹತ್ತು ಅಷ್ಟ ಅಕ್ಕಾ." 10,000 ರೂಪಾಯಿ ಸಾಲ ಅಂತ ಬರೆದುಕೊಂಡು 1,000 ಮೊದಲೇ ಮುರಿದುಕೊಳ್ಳುತ್ತಾನೆ. ಕೈಗೆ ಬಂದದ್ದು 9,000. ವಾರಕ್ಕೆ 1,100ರಂತೆ ಹತ್ತು ವಾರ ಕಟ್ಟಬೇಕು. ಒಟ್ಟು 11,000. ಅಂದರೆ 9,000ಕ್ಕೆ 2,000 ಬಡ್ಡಿ, ಅದೂ ಹತ್ತೇ ವಾರದಲ್ಲಿ, ಅದೂ ಅಸಲು ವಾರ ವಾರಕ್ಕೆ ಕರಗುತ್ತಾ ಹೋಗುವಾಗ. ವರ್ಷದ ಲೆಕ್ಕಕ್ಕೆ ತಂದರೆ ಇದು ಶೇ. 200ರ ಹತ್ತಿರ ಹೋಗುತ್ತದೆ. ಅದೇ 9,000ವನ್ನು ನಿಮ್ಮ ಸಂಘದಲ್ಲಿ ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿಗೆ, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವಂತೆ ತೆಗೆದು, ಹತ್ತೇ ವಾರದಲ್ಲಿ ತೀರಿಸಿ ನೋಡಿ. ಬಡ್ಡಿ 250 ರೂಪಾಯಿ ದಾಟುವುದಿಲ್ಲ. ಆ 250 ಕೂಡ ನಿಮ್ಮ ಸಂಘದ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

"ಫ್ಲಾಟ್" ಅನ್ನುವ ಮಾತು ಕೇಳಿದರೆ ಹುಷಾರಾಗಿರಿ. ಶೇ. 12 ಫ್ಲಾಟ್ ಅಂದರೆ ನೀವು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಪೂರ್ತಿ ಮೊತ್ತಕ್ಕೇ. ಒಂದು ವರ್ಷದ ತಿಂಗಳ ಕಂತಿನಲ್ಲಿ ಅದು ನಿಜವಾಗಿ ಶೇ. 21ರ ಮೇಲೆ ಬೀಳುತ್ತದೆ. ಇದನ್ನು ಹುಡುಗರು ಮನೆಯಲ್ಲಿ ಹಿರಿಯರಿಗೆ ಲೆಕ್ಕ ಹಾಕಿ ತೋರಿಸಬೇಕು. ದಿನವಿಡೀ ಮೊಬೈಲ್ ಕೈಯಲ್ಲೇ ಇರುತ್ತದಲ್ಲ ತಮ್ಮಂದಿರೆ, ಅದರಲ್ಲಿ ಕ್ಯಾಲ್ಕ್ಯುಲೇಟರೂ ಇದೆ.

ಮಹಿಳಾ ಸಂಘ ಎಲ್ಲಿಂದ ಬಂತು ಅಂತಲೂ ತಿಳಿದಿರಲಿ. 1980ರ ದಶಕದಲ್ಲಿ ನಮ್ಮ ರಾಜ್ಯದಲ್ಲಿ ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ಕೆಲವು ದೊಡ್ಡ ಸಹಕಾರ ಸಂಘಗಳು ಒಡೆದುಹೋದವು. ದೊಡ್ಡವರ ಹಿಡಿತ, ಲೆಕ್ಕ ಗೊತ್ತಾಗದ್ದು, ಅದೇ ಹಳೇ ಕಥೆ. ಬಡವರು ಸಣ್ಣ ಸಣ್ಣ ಗುಂಪಾಗಿ ಬಂದು, ದೊಡ್ಡ ಸಂಘ ನಮಗೆ ಬೇಡ, ನಾವು ನಾವೇ ಕೂಡಿ ನಡೆಸುತ್ತೇವೆ ಅಂದರು. ಆ ಗುಂಪುಗಳೇ ಬೆಳೆದವು. 1992ರಲ್ಲಿ ನಬಾರ್ಡ್, ಅಂದರೆ ಕೃಷಿ ಮತ್ತು ಹಳ್ಳಿಗಳ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು, ಇಂಥ ಸಂಘಗಳಿಗೆ ಬ್ಯಾಂಕ್ ಸಾಲ ಜೋಡಿಸುವ ಪ್ರಯೋಗ ಶುರು ಮಾಡಿತು. ಈಗ ಸಂಘಕ್ಕೆ 10 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕಿನವರು ಆಸ್ತಿ ಜಾಮೀನು ಕೇಳುವಂತಿಲ್ಲ. ಪಹಣಿ ಇಲ್ಲದೆ ಸಾಲ ಕೊಡಬಹುದು ಅಂತ ದೇಶಕ್ಕೆ ತೋರಿಸಿದವರು ನಿಮ್ಮಂಥ ಹೆಂಗಸರು.

ಹಾಗಂತ ಎಲ್ಲಾ ಸಂಘವೂ ಸರಿಯಿದೆ ಅಂತ ನಾನು ಹೇಳುವುದಿಲ್ಲ. ಪ್ರತಿನಿಧಿಯ ಮನೆಯವರಿಗೇ ಸಾಲ, ಉಳಿದವರಿಗೆ ಬರೀ ಸಹಿ, ಇದು ನಡೆಯುತ್ತಿದೆ. ಒಂದೇ ಓಣಿಯ, ಒಂದೇ ಜಾತಿಯ ಸಂಘ ಕಟ್ಟಿಕೊಂಡು ಊರ ಹೊರಗಿನವರನ್ನು ಹೊರಗೇ ಇಟ್ಟದ್ದಿದೆ. ಕಂತು ತಪ್ಪಿದವಳ ಮನೆ ಮುಂದೆ ಸಂಘದವರೇ ಕುಳಿತು ಮಾನ ಕಳೆದದ್ದೂ ಇದೆ. ಅವಳು ಮಾರನೇ ದಿನ ಮೀಟರ್ ಬಡ್ಡಿಗೆ ಹೋಗಿ ತಂದು ಕಟ್ಟುತ್ತಾಳೆ. ಅದನ್ನು ವಸೂಲಿ ಅಂತ ನಾವು ಶೇ. 100 ಬರೆದುಕೊಳ್ಳುತ್ತೇವೆ. ದಯವಿಟ್ಟು ಇದನ್ನು ಬಿಡಿ. ಇನ್ನೊಂದು ಮಾತು. ಪಕ್ಕದ ಮನೆಯವಳಿಗಾಗಿ ನಿಮ್ಮ ಹೆಸರಲ್ಲಿ ಸಾಲ ತೆಗೆದುಕೊಡಬೇಡಿ, ಎಷ್ಟೇ ಬೇಕಾದವಳಾಗಲಿ. ಅವಳನ್ನೇ ಸಂಘಕ್ಕೆ ಸೇರಿಸಿಕೊಳ್ಳಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಹತ್ತು ನಿಮಿಷ ಅಂತ. ಕಾನೂನಿನ ಭಾಗ ಬೇಗ ಹೇಳುತ್ತೇನೆ.

ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಆಸ್ತಿ ಅಡವಿಲ್ಲದೆ ಕೊಡುವ ಸಾಲವನ್ನು ರಿಸರ್ವ್ ಬ್ಯಾಂಕ್ ಮೈಕ್ರೋಫೈನಾನ್ಸ್ ಸಾಲ ಅನ್ನುತ್ತದೆ. 2022ರ ನಿಯಮದ ಪ್ರಕಾರ ನಿಮ್ಮ ಎಲ್ಲಾ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡಿ ಕಾಡುವಂತಿಲ್ಲ. 2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂತು. ವಸೂಲಿಗೆ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಮೇಸ್ತ್ರಿ ಕೊಟ್ಟ ಮುಂಗಡದ ನೆಪದಲ್ಲಿ ಬಿಡದೆ ದುಡಿಸಿಕೊಂಡರೆ ಅದು ಜೀತ. 1976ರಿಂದಲೇ ಅದು ಅಪರಾಧ. ಮೊಬೈಲ್ ಆ್ಯಪ್ ಸಾಲದವರು ನಿಮ್ಮ ಫೋನಿನ ಹೆಸರುಪಟ್ಟಿ, ಫೋಟೋ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಮೋಸ ಆಗಿದ್ದರೆ 1930ಕ್ಕೆ ಫೋನ್ ಮಾಡಿ.

ಪತ್ತಿನ ಸಹಕಾರಿಗಳ ಬಗ್ಗೆ ಒಂದೇ ಮಾತು. ಸಾಲ ಸುಲಭವಾಗಿ ಸಿಗುತ್ತದೆ ಅಂತ ಸದಸ್ಯರಾಗುತ್ತೀರಿ, ಆಮೇಲೆ ಪಿಗ್ಮಿ, ಠೇವಣಿ ಎಲ್ಲಾ ಅಲ್ಲೇ ಇಡುತ್ತೀರಿ. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಂಘದ ಠೇವಣಿಗೆ ಆ ವಿಮೆ ಇಲ್ಲ. ವಾರ್ಷಿಕ ಸಭೆಗೆ ಹೋಗಿ, ಆಡಿಟ್ ವರದಿ ಕೇಳಿ, ಆಮೇಲೆ ಇಡಿ. ಜನಧನ ಖಾತೆಯ ಓವರ್‌ಡ್ರಾಫ್ಟ್, ಬಂಗಾರದ ಸಾಲ, ಇವನ್ನೂ ಹೇಳಬೇಕೆಂದಿದ್ದೆ. ಇನ್ನೊಮ್ಮೆ ಹೇಳುತ್ತೇನೆ.

ಉಳಿದ ಹೊತ್ತು ಒಂದೇ ಕೆಲಸಕ್ಕೆ. ಆ ರಾತ್ರಿ ಹತ್ತು ಗಂಟೆಯ 5,000 ರೂಪಾಯಿಗೆ ದಾರಿ ಆಗಬೇಕು. ನಿಮ್ಮ ಪಂಚಾಯಿತಿ ಮಟ್ಟದ ಒಕ್ಕೂಟದಲ್ಲಿ ಇಪ್ಪತ್ತು ಸಂಘ ಇದ್ದರೆ, ಸಂಘಕ್ಕೆ 1,000ದಂತೆ 20,000 ರೂಪಾಯಿ ತುರ್ತು ಸಾಲಕ್ಕೆ ಅಂತ ಬೇರೆ ಇಡಿ. ಬೇರೆ ಬೇರೆ ಓಣಿಯ ಮೂವರು ಸದಸ್ಯೆಯರ ಫೋನ್ ನಂಬರ್ ಎಲ್ಲರಿಗೂ ಕೊಡಿ. ಮೂವರಲ್ಲಿ ಇಬ್ಬರು ಹೂಂ ಅಂದರೆ ಅರ್ಧ ಗಂಟೆಯಲ್ಲಿ ದುಡ್ಡು ಕೈಗೆ ಸೇರಬೇಕು. ಯಾತಕ್ಕೆ, ಏನು ಅಂತ ಆ ರಾತ್ರಿ ವಿಚಾರಣೆ ಬೇಡ. ಬರವಣಿಗೆ, ಸಹಿ, ಠರಾವು ಎಲ್ಲಾ ಮುಂದಿನ ಸಭೆಯಲ್ಲಿ. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಸಾಕು. ಗುಳೆ ಹೋದವರಿಗೆ ವಾಪಸ್ ಬರುವ ತನಕ ಗಡುವು ಕೊಡಿ. ಪಹಣಿ ಕೇಳಬೇಡಿ. ಸಂಘದ ಸದಸ್ಯೆ ಅಲ್ಲದವರು ಬಂದರೆ ಒಬ್ಬ ಸದಸ್ಯೆ ಅವರ ಪರವಾಗಿ ಮಾತು ಕೊಡಲಿ, ಅಷ್ಟಕ್ಕೇ ಕೊಡಿ.

ಒಂದಿಬ್ಬರು ಕಟ್ಟದೇ ಹೋಗಬಹುದು. ಹೋಗಲಿ. ಆ ನಷ್ಟ ಎಷ್ಟು ಅಂತ ವರ್ಷದ ಕೊನೆಗೆ ಓದಿ ಹೇಳಿ, ಸಭೆಯೇ ಏನು ಮಾಡಬೇಕೋ ತೀರ್ಮಾನ ಮಾಡಲಿ.

ಪುಸ್ತಕ ಬರೆಯುವ ಹೆಣ್ಣುಮಕ್ಕಳು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ಊಟ ಆದ ಮೇಲೆ ಅವರ ಜೊತೆ ನಾನು ಕುಳಿತುಕೊಳ್ಳುತ್ತೇನೆ, ಠರಾವಿನ ಕರಡು ಇವತ್ತೇ ಬರೆಯೋಣ. ಅದಕ್ಕೂ ಮೊದಲು ಕೇಳುವುದಿದ್ದರೆ ಕೇಳಿ. ಆ ಕಂಬದ ಹತ್ತಿರ ಕುಳಿತ ಅಕ್ಕ ಆಗಿನಿಂದ ಕೈ ಎತ್ತಿದ್ದಾರೆ, ಮೈಕು ಮೊದಲು ಅವರಿಗೆ ಕೊಡಿ.