ಅಟ್ಟದಿಂದ ಅಡುಗೆಮನೆಗೆ

ಕೇಳುಗ ಬಂಧುಗಳಿಗೆ ನಮಸ್ಕಾರ.

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಸುತ್ತಿನ ಹಳೆಯ ಮನೆಗಳ ಅಟ್ಟ ಹತ್ತಿದರೆ, ಕಂಚಿನ ಉರುಳಿ, ತಾಮ್ರದ ಹಂಡೆ, ಹಿತ್ತಾಳೆಯ ಕೊಡಪಾನ, ಅಕ್ಕಿ ಅಳೆಯುವ ಸೇರು, ಮರದ ಮರಿಗೆ ಇವೆಲ್ಲ ಒಂದರ ಮೇಲೊಂದು ಕವುಚಿ ಕುಳಿತಿರುವುದನ್ನು ಇಂದಿಗೂ ಕಾಣಬಹುದು. ಹಿರಿಯರ ವಸ್ತುಗಳೆಂಬ ಗೌರವದಿಂದಲೇ ನಾವು ಅವುಗಳನ್ನು ಅಲ್ಲಿ ಇಟ್ಟಿರುತ್ತೇವೆ. ಆದರೆ ಆ ಗೌರವವೇ ಅವುಗಳಿಗೆ ಮುಳುವಾಗುತ್ತಿದೆ ಎಂದು ನನಗೆ ತೋರುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ, ಕೈ ಮುಟ್ಟದೆ ಇಟ್ಟ ತಾಮ್ರ ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ, ಮರಿಗೆಗೆ ಒರಲೆ ಹತ್ತುತ್ತದೆ, ಮಡಿಕೆ ಬದಲಿಸದ ರೇಷ್ಮೆ ಸೀರೆ ಮಡಿಸಿದ ಗೆರೆಯಲ್ಲಿಯೇ ಸೀಳುತ್ತದೆ. ಕೊನೆಗೆ ಮನೆ ಪಾಲಾಗುವ ಹೊತ್ತಿಗೆ, ಯಾರಿಗೂ ಬಳಸಿ ಗೊತ್ತಿಲ್ಲದ ಪಾತ್ರೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ.

ಉರುಳಿಯನ್ನೇ ನೋಡೋಣ. ನೂರರಲ್ಲಿ ಸುಮಾರು 78 ಪಾಲು ತಾಮ್ರ, 22 ಪಾಲು ತವರ ಸೇರಿದ ಕಂಚನ್ನು ಎರಕ ಹೊಯ್ದು ಮಾಡಿದ ಈ ದಪ್ಪ ಪಾತ್ರೆ ನಿಧಾನವಾಗಿ ಕಾಯುತ್ತದೆ, ಕಾದ ಮೇಲೆ ಬಿಸಿಯನ್ನು ಸುಲಭವಾಗಿ ಬಿಡುವುದಿಲ್ಲ. ಹಲಸಿನ ಹಣ್ಣಿನ ಬೆರಟಿ ಕಾಯಿಸುವವರಿಗೆ ಇದರ ಬೆಲೆ ಗೊತ್ತು. ಹಣ್ಣಿನ ತೊಳೆಯೂ ಬೆಲ್ಲವೂ ಗಂಟೆಗಟ್ಟಲೆ ಕುದಿದು, ಸಟ್ಟುಗ ತಿರುಗಿಸಲಾಗದಷ್ಟು ಗಟ್ಟಿಯಾಗುವವರೆಗೂ ಅಡಿ ಹಿಡಿಯದಂತೆ ಕಾಯುವ ಕೆಲಸ ತೆಳ್ಳನೆಯ ಸ್ಟೀಲ್ ಪಾತ್ರೆಯಿಂದ ಆಗುವುದಿಲ್ಲ. ನಮ್ಮ ಮನೆಯ ಉರುಳಿಯ ಅಂಚಿನಲ್ಲಿ, ಅದನ್ನು ಮಾಡಿಸಿದ ಹಿರಿಯರ ಹೆಸರಿನ ಮೊದಲಕ್ಷರವನ್ನು ಉಳಿಯಿಂದ ಕನ್ನಡದಲ್ಲಿ ಕೊರೆದಿದ್ದಾರೆ. ಹುಣಸೆಹುಳಿ ಹಾಕಿ ತಿಕ್ಕಿ ತಿಕ್ಕಿ ಆ ಅಕ್ಷರದ ಒಂದು ಬದಿ ಸವೆದಿದೆ. ಆ ಸವಕಳಿಯ ಬಗ್ಗೆ ನನಗೆ ಬೇಸರವಿಲ್ಲ, ಅದು ಎಷ್ಟೋ ಕೈಗಳು ದುಡಿದ ಗುರುತು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಕಂಚು ಬಲವಾದ ಪೆಟ್ಟಿಗೆ ಒಡೆಯುವ ಲೋಹವಾದ್ದರಿಂದ ಅದನ್ನು ಕೆಳಗೆ ಬೀಳಿಸಬಾರದು, ಕಾದ ಉರುಳಿಗೆ ತಣ್ಣೀರು ಸುರಿಯಲೂಬಾರದು.

ತಾಮ್ರ ಮತ್ತು ಹಿತ್ತಾಳೆಯ ಮಾತು ಬೇರೆ. ಹುಳಿ ತಾಗಿದರೆ ತಾಮ್ರ ಅಡುಗೆಗೆ ಇಳಿಯುವುದರಿಂದ, ಒಳಗೆ ಕಲಾಯಿ, ಅಂದರೆ ತವರದ ಲೇಪ, ಇಲ್ಲದೆ ಸಾರು, ಸಾಂಬಾರು, ಮಜ್ಜಿಗೆಹುಳಿಗೆ ಅವು ಸಲ್ಲವು. ಕಲಾಯಿ ಹಾಕುವವರು ಪಾತ್ರೆಯನ್ನು ಇದ್ದಿಲ ಬೆಂಕಿಯಲ್ಲಿ ಕಾಯಿಸಿ ನವಸಾಗರವೆಂಬ ಲವಣ ಉದುರಿಸಿದಾಗ ಬಿಳಿ ಹೊಗೆ ಏಳುತ್ತದೆ. ಲೋಹದ ಮೇಲಿನ ಮಸುಕು ಹೋಗಿ ತವರ ಹಿಡಿದುಕೊಳ್ಳಲು ಬೇಕಾದ ಕೆಲಸವನ್ನು ಆ ನವಸಾಗರ ಮಾಡುತ್ತದೆ. ಆಮೇಲೆ ತವರದ ಕಡ್ಡಿಯನ್ನು ಮುಟ್ಟಿಸಿ ಅರಳೆಯಿಂದ ಒರೆಸಿದಂತೆ ಒಳಮೈ ಬೆಳ್ಳಗಾಗುತ್ತಾ ಹೋಗುತ್ತದೆ. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ಕಲಾಯಿ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲಿಡಬಾರದು; ಲೇಪ ಕೆರೆದುಹೋಗದಂತೆ ಮರದ ಸಟ್ಟುಗವನ್ನೇ ಬಳಸಬೇಕು. ತವರಕ್ಕೆ ಸೀಸ ಬೆರೆಸಿದ ಕಲಾಯಿ ಆರೋಗ್ಯಕ್ಕೆ ಕೆಟ್ಟದ್ದು, ಆದಕಾರಣ ಶುದ್ಧ ತವರವೇ ಎಂದು ಮೊದಲೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ಇನ್ನು ಸೇರು. ನಮ್ಮ ಕಡೆಯ ಲೆಕ್ಕದಲ್ಲಿ 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಅಕ್ಕಿ. 1956ರಲ್ಲಿ ಅಳತೆ ತೂಕಗಳ ಹೊಸ ಕಾಯಿದೆ ಬಂದ ಮೇಲೆ ಸೇರು ಅಂಗಡಿಯಿಂದ ಮರೆಯಾಯಿತು. ಅಡುಗೆಮನೆಯಿಂದಲೂ ಮರೆಯಾಗಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ. ನಾಳೆಯ ದೋಸೆಗೆ ಅಕ್ಕಿ ನೆನೆಹಾಕುವಾಗ ಮಕ್ಕಳ ಕೈಯಿಂದಲೇ ಸೇರಿನಲ್ಲಿ ಅಳೆಸಿದರೆ, ಅದರ ಲೆಕ್ಕ ಅವರಿಗೆ ತಾನಾಗಿ ಬಾಯಿಗೆ ಬರುತ್ತದೆ.

ಕಲಾಯಿ ಹಾಕುವವರು ಸಿಗುವುದಿಲ್ಲ ಎಂಬ ದೂರು ಎಲ್ಲೆಡೆಯೂ ಕೇಳಿಬರುತ್ತದೆ. ವರ್ಷಕ್ಕೊಂದು ಪಾತ್ರೆಯ ಕೆಲಸಕ್ಕಾಗಿ ಯಾರೂ ಇದ್ದಿಲು, ತಿದಿ ಹೊತ್ತುಕೊಂಡು ಬರಲಾರರು. ನೆರೆಕರೆಯ ನಾಲ್ಕೈದು ಮನೆಯವರು ಪಾತ್ರೆಗಳನ್ನು ಒಂದೇ ಅಂಗಳದಲ್ಲಿ ಕೂಡಿಹಾಕಿ ಹೇಳಿಕಳುಹಿಸಿದರೆ, ಅವರಿಗೂ ಒಂದು ದಿನದ ಸಂಪಾದನೆಯಾಗುತ್ತದೆ, ನಮ್ಮ ಪಾತ್ರೆಗಳೂ ಒಲೆಗೆ ಮರಳುತ್ತವೆ. ಮಳೆ ಹಿಡಿಯುವ ಮೊದಲೇ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.

ನಮಸ್ಕಾರ.