ಮನಾಲಿ–ಲೇಹ್ ರಸ್ತೆಯನ್ನು ಯಾರು ತೆರೆಯುತ್ತಾರೆ?

ಎಲ್ಲರಿಗೂ ನಮಸ್ಕಾರ.

ಪ್ರತಿ ವರ್ಷ ಜೂನ್ ಬಂತೆಂದರೆ ಬೆಂಗಳೂರಿನಿಂದ ಒಂದಷ್ಟು ಹುಡುಗರು ಬೈಕನ್ನು ರೈಲಿಗೆ ಹಾಕಿ ಉತ್ತರಕ್ಕೆ ಹೊರಡುತ್ತಾರೆ. ಹಿಮಾಚಲದ ಮನಾಲಿಯಿಂದ ಲಡಾಖ್‌ನ ಲೇಹ್‌ಗೆ ಸುಮಾರು 430 ಕಿ.ಮೀ. ದಾರಿ. ವಾಪಸ್ ಬಂದಾಗ ಆ ದಾರಿಯ ಅತಿ ಎತ್ತರದ ಜಾಗ ತಂಗ್‌ಲಂಗ್ ಲಾದ ಫಲಕದ ಮುಂದೆ ನಿಂತ ಫೋಟೊ ಎಲ್ಲರ ಹತ್ತಿರವೂ ಇರುತ್ತದೆ. ನನ್ನ ಹತ್ತಿರವೂ ಒಂದಿದೆ. ಆ ಫೋಟೊದ ಮೂಲೆಯಲ್ಲಿ ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಸಲಿಕೆ ಹಿಡಿದ ಮೂವರು ನಿಂತಿದ್ದಾರೆ. ಅವತ್ತು ನಾನು ಅವರನ್ನು ನೋಡಿರಲೇ ಇಲ್ಲ. ಇವತ್ತು ರಸ್ತೆಯ ಜೊತೆಗೆ ಅವರ ಬಗ್ಗೆಯೂ ಮಾತಾಡಬೇಕು ಅಂತಲೇ ಬಂದಿದ್ದೇನೆ.

ಮೊದಲು ಎತ್ತರದ ಲೆಕ್ಕ ನೋಡೋಣ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಅಲ್ವಾ? ಮನಾಲಿ ಊರೇ ಅದಕ್ಕಿಂತ ಸ್ವಲ್ಪ ಮೇಲಿದೆ. ಅಲ್ಲಿಂದ ಹೊರಟ ರಸ್ತೆ ಬಾರಾಲಾಚಾ ಲಾದಲ್ಲಿ ಸುಮಾರು 4,890 ಮೀಟರ್ ಮುಟ್ಟುತ್ತದೆ. ಲಾಚುಲುಂಗ್ ಲಾದಲ್ಲಿ 5,000 ದಾಟುತ್ತದೆ. ತಂಗ್‌ಲಂಗ್ ಲಾದಲ್ಲಿ 5,300ಕ್ಕೂ ಜಾಸ್ತಿ. 'ಲಾ' ಅಂದರೆ ಬೆಟ್ಟಸಾಲನ್ನು ದಾಟುವ ಜಾಗ.

ಡಾಂಬರು ಬೀಳುವ ಎಷ್ಟೋ ಮೊದಲೇ ಇಲ್ಲಿ ಕಾಲುದಾರಿ ಇತ್ತು. ಕುರಿ, ಮೇಕೆಗಳ ಬೆನ್ನಿಗೆ ಪುಟ್ಟ ಚೀಲ ಕಟ್ಟಿ ಲಡಾಖ್, ಟಿಬೆಟ್ ಕಡೆಯ ಎತ್ತರದ ಬಯಲು ಚಾಂಗ್‌ಥಾಂಗ್‌ನ ಉಪ್ಪು, ಉಣ್ಣೆ ತರುತ್ತಿದ್ದರು. ಹೋಗುವಾಗ ಅದೇ ಚೀಲಗಳಲ್ಲಿ ಧಾನ್ಯ. 1820ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಶುವೈದ್ಯ ವಿಲಿಯಂ ಮೂರ್‌ಕ್ರಾಫ್ಟ್ ಇದೇ ದಾರಿಯಲ್ಲಿ ಲೇಹ್ ತಲುಪಿದ. ಸೈನ್ಯಕ್ಕೆ ಒಳ್ಳೆಯ ಕುದುರೆ ಬೇಕು, ಮಧ್ಯ ಏಷ್ಯಾದ ಬುಖಾರಾದಲ್ಲಿ ಸಿಗುತ್ತವೆ ಅಂತ ಹೊರಟಿದ್ದವನು ಅವನು.

ಗಡಿಯ ಚಿಂತೆ ಶುರುವಾದ ಮೇಲೆ ವಾಹನ ಓಡುವ ರಸ್ತೆ ಬಂತು. 1960ರಲ್ಲಿ ಗಡಿ ರಸ್ತೆ ಸಂಸ್ಥೆ, ಎಲ್ಲರ ಬಾಯಲ್ಲಿ ಬಿಆರ್‌ಒ, ಹುಟ್ಟಿತು. ಲಡಾಖ್ ಪ್ರವಾಸಿಗರಿಗೆ ತೆರೆದದ್ದು 1974ರಲ್ಲಿ. ಆದರೆ ಈ ರಸ್ತೆ ಜನಸಾಮಾನ್ಯರಿಗೆ ಸಿಕ್ಕಿದ್ದು 1989ರಲ್ಲಿ. ಹತ್ತು ವರ್ಷದ ನಂತರ ಕಾರ್ಗಿಲ್ ಯುದ್ಧ. ಶ್ರೀನಗರ–ಲೇಹ್ ರಸ್ತೆಯ ಮೇಲೆ ಶೆಲ್ ಬೀಳುತ್ತಿದ್ದಾಗ ಸೇನೆಗೆ ಸಾಮಾನು ಹೋಗಲು ಈ ದಾರಿ ದೊಡ್ಡ ಆಸರೆಯಾಯಿತು.

ಇಷ್ಟು ಹೇಳಿ ಮುಗಿಸಿದರೆ ಯಾವಾಗಲೋ ಒಂದು ಸಲ ರಸ್ತೆ ಮಾಡಿದರು, ಅದು ಇದೆ ಅಂತ ಅನಿಸಿಬಿಡುತ್ತದೆ. ಈ ರಸ್ತೆ ಹಾಗೆ ಇರುವುದಿಲ್ಲ. ಚಳಿಗಾಲದಲ್ಲಿ ಎತ್ತರದ ಲಾಗಳ ಕಡೆ ಹಿಮದಲ್ಲಿ ಹೂತುಹೋಗುತ್ತದೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಆ ಕಡೆಯಿಂದ ಬಿಆರ್‌ಒದ ಒಂದು ತಂಡ, ಈ ಕಡೆಯಿಂದ ಒಂದು ತಂಡ ಹಿಮ ಕಡಿಯುತ್ತಾ ಬರುತ್ತವೆ. ಡೋಜರ್ ಹೋದ ಮೇಲೆ ಎರಡೂ ಪಕ್ಕದಲ್ಲಿ ಆಳೆತ್ತರ ಮೀರಿದ ಹಿಮದ ಗೋಡೆ ಉಳಿಯುತ್ತದೆ. ಹಿಮ ಹೋಯಿತು ಅನ್ನುವಷ್ಟರಲ್ಲಿ ಡಾಂಬರಿನ ಕಥೆ. ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಉಬ್ಬುತ್ತದೆ, ಹಗಲು ಕರಗುತ್ತದೆ. ಒಂದು ಚಳಿಗಾಲ ಸಾಕು, ರಸ್ತೆ ಹಪ್ಪಳದ ಹಾಗೆ ಏಳುತ್ತದೆ. ಮತ್ತೆ ಜಲ್ಲಿ, ಮತ್ತೆ ಡಾಂಬರು.

ಈ ಕೆಲಸಕ್ಕೆ ಜಾರ್ಖಂಡ್, ಬಿಹಾರ, ನೇಪಾಳದಿಂದ ಜನ ಬರುತ್ತಾರೆ. ಜಾರ್ಖಂಡ್‌ನ ದುಮ್ಕಾ ಕಡೆಯ ಸಂತಾಲ ಬುಡಕಟ್ಟಿನವರು ತುಂಬಾ ಜನ. ಬಯಲುಸೀಮೆಯ ಬಿಸಿಲಿನಲ್ಲಿ ಬೆಳೆದವರು. ನಾವು ಫೋಟೊ ತೆಗೆದು ಹತ್ತು ನಿಮಿಷಕ್ಕೆ ಕೆಳಗಿಳಿಯುವ ಜಾಗದಲ್ಲಿ ಅವರು ಇಡೀ ದಿನ ಡಾಂಬರಿನ ಹೊಗೆ ಕುಡಿಯುತ್ತಾರೆ. ಸಮುದ್ರಮಟ್ಟಕ್ಕೆ ಹೋಲಿಸಿದರೆ ಅಲ್ಲಿ ಒಂದು ಉಸಿರಿಗೆ ಸಿಗುವುದು ಹೆಚ್ಚು ಕಡಿಮೆ ಅರ್ಧದಷ್ಟು ಆಮ್ಲಜನಕ.

2020ರ ಅಕ್ಟೋಬರ್ 3ರಂದು 9.02 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆಯಿತು. ಮನಾಲಿ ಬಿಟ್ಟ ಮೇಲೆ ಸಿಗುವ ಮೊದಲ ಲಾ ರೋಹ್ತಾಂಗ್ ಹತ್ತುವುದು ತಪ್ಪಿ 46 ಕಿ.ಮೀ. ಉಳಿಯಿತು. ನಮಗೆ ಅದು ಕೆಲವು ಗಂಟೆಗಳ ಉಳಿತಾಯ, ಅಷ್ಟೇ. ಸುರಂಗದ ಆಚೆಯ ಲಾಹೌಲ್ ಕಣಿವೆಯ ಜನರಿಗೆ ಅದು ಬೇರೆಯೇ ಬದುಕು. ಅಲ್ಲಿಯವರೆಗೆ ಅವರು ವರ್ಷದಲ್ಲಿ ಸುಮಾರು ಆರು ತಿಂಗಳು ಹೊರಗಿನಿಂದ ಕಡಿದುಹೋಗುತ್ತಿದ್ದರು.

ಇನ್ನು ನೋಡುವುದಕ್ಕೆ ಏನಿದೆ ಅಂತ ಕೇಳುತ್ತೀರಿ. ತಾಂಡಿಯಲ್ಲಿ ಚಂದ್ರಾ, ಭಾಗಾ ನದಿಗಳು ಸೇರುತ್ತವೆ. ಮುಂದೆ ಅದೇ ಚೆನಾಬ್. ಭಾಗಾ ಹುಟ್ಟುವ ಸೂರಜ್ ತಾಲ್ ಬಾರಾಲಾಚಾದ ಹತ್ತಿರ ರಸ್ತೆಯ ಪಕ್ಕದಲ್ಲೇ ಸಿಗುತ್ತದೆ. ಸರ್ಚು ದಾಟಿದರೆ ಗಾಟಾ ಲೂಪ್ಸ್, 21 ತಿರುವು. ಅಲ್ಲೊಂದು ಕಲ್ಲಿನ ಪುಟ್ಟ ಗುಡಿ. ಸುತ್ತಲೂ ನೀರಿನ ಬಾಟಲಿಗಳ ರಾಶಿ. ಕೆಟ್ಟು ನಿಂತ ಲಾರಿ ಕಾಯುತ್ತಾ ಕ್ಲೀನರ್ ಒಬ್ಬ ಬಾಯಾರಿ ಸತ್ತನಂತೆ, ಹಾಗಾಗಿ ಹೋಗುವವರೆಲ್ಲ ಅವನಿಗೆ ನೀರು ಇಡುತ್ತಾರೆ. ಪಾಂಗ್ ಆದ ಮೇಲೆ ಮೋರೆ ಬಯಲು. ಬೆಟ್ಟ ಹತ್ತಿ ಹತ್ತಿ ಸುಸ್ತಾದ ಕಣ್ಣಿಗೆ ಒಮ್ಮೆಲೇ ಸಮತಟ್ಟಾದ ನೆಲ. ನನಗೆ ಇಡೀ ದಾರಿಯಲ್ಲಿ ತುಂಬಾ ಇಷ್ಟವಾದ ಜಾಗ ಅದೇ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮೊದಲ ರಾತ್ರಿಯೇ ಸರ್ಚುವಿನಲ್ಲಿ ಮಲಗಬೇಡಿ. ಅದು 4,200 ಮೀಟರ್‌ಗೂ ಮೇಲಿದೆ. ನಾನು ಮಲಗಿದ್ದೆ. ತಲೆ ಸಿಡಿಯುವ ನೋವು, ವಾಂತಿ, ಬೆಳಗಿನವರೆಗೆ ನಿದ್ದೆಯಿಲ್ಲ. ಕೆಳಗೆ ಜಿಸ್ಪಾದಲ್ಲಿ ಒಂದೆರಡು ರಾತ್ರಿ ಉಳಿದು ಮುಂದೆ ಹೋಗಿ. ತಲೆನೋವು ಜಾಸ್ತಿಯಾದರೆ ಹಟ ಮಾಡದೆ ಕೆಳಗಿಳಿಯಿರಿ.

ನಾಲಾಗಳ, ಅಂದರೆ ರಸ್ತೆಗೆ ಅಡ್ಡ ಹರಿಯುವ ತೊರೆಗಳ, ವಿಷಯವನ್ನು ನಾನು ಕಲಿತದ್ದು ಒಬ್ಬ ಕೆಲಸಗಾರನಿಂದ. ಬಾರಾಲಾಚಾಕ್ಕೆ ಮುಂಚೆ ರಸ್ತೆಯ ಮೇಲೇ ನೀರು ಹರಿಯುತ್ತಿತ್ತು. ಮಧ್ಯಾಹ್ನ ಮೂರು ಗಂಟೆ. ಬಿಸಿಲೇರಿದ ಹಾಗೆ ಮೇಲಿನ ಹಿಮ ಕರಗಿ, ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮೊಣಕಾಲಿಗೆ ಬಂದಿತ್ತು. ಬೈಕು ನಡುವೆ ನಿಂತುಬಿಟ್ಟಿತು. ಕಲ್ಲು ಜೋಡಿಸುತ್ತಿದ್ದ ಒಬ್ಬ ಗಮ್‌ಬೂಟಿನಲ್ಲಿ ನೀರಿಗಿಳಿದು ಹಿಂದಿನಿಂದ ತಳ್ಳಿದ. ದಡಕ್ಕೆ ಬಂದ ಮೇಲೆ "ಸುಬಹ್ ಆನಾ ಥಾ, ಭೈಯಾ" ಅಂದ. ಬೆಳಿಗ್ಗೆ ಬರಬೇಕಿತ್ತು ಅಣ್ಣ, ಅಂತ. ನಾನು ಥರ್ಮಾಸ್‌ನಲ್ಲಿದ್ದ ಚಹಾ ಕೊಟ್ಟೆ. ಒಂದೇ ಗುಟುಕಿಗೆ ಕುಡಿದು, ಬೂಟಿನೊಳಗಿನ ನೀರು ಚೆಲ್ಲಿ, ನನ್ನ ಚಕ್ರ ಸರಿಸಿದ್ದ ಕಲ್ಲನ್ನು ಮತ್ತೆ ಅದರ ಜಾಗಕ್ಕೆ ಇಡಲು ಹೋದ.